ಹೊಸ್ತಿಲಿನ ಆದೇಶ

ಈಗ ಆದೇಶ ಟೈಪ್ ಮಾಡದೆ ಯಾರ ಮನೆಯ ಬಾಗಿಲೂ ತೆರೆಯುವುದಿಲ್ಲ. ಈ ಬಾಗಿಲುಗಳ ಕಂಪನಿಯಿಂದ ತಪಾಸಣೆಗೆ ಬಂದ ಹುಡುಗಿ ನಮ್ಮ ಬಾಗಿಲ ಕಂಪ್ಯೂಟರ್ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಆಂಟಿ, ಹೊರಗೆ ಹೋಗೋಕೆ 'ಮುಕ್ತಾಯ' ಅಂತಲೇ ಒತ್ತಬೇಕು. ಇದನ್ನು ಬದಲಾಯಿಸಿದ್ದು ಯಾರು?"

"ನಾನೇ. ಹೊಸ್ತಿಲಲ್ಲಿ ನಿಂತು ಮುಕ್ತಾಯ ಅಂತಾರೇನಮ್ಮ ಯಾರಾದ್ರೂ? ಅದಕ್ಕೇ 'ಹೋಗ್ಬರ್ತೀನಿ' ಅಂತ ಒತ್ತಿದ್ರೂ ತೆರೆಯೋ ಹಾಗೆ ಮಾಡ್ದೆ. ಇಡೀ ಬೀದಿಯವರು ನನ್ನ ಹತ್ರಾನೇ ಹಾಕಿಸ್ಕೊಂಡಿದ್ದಾರೆ."

"ಅಳಿಸಬೇಕು ಆಂಟಿ, ಕಂಪನಿ ರೂಲು."

"ಧಾರಾಳವಾಗಿ ಅಳಿಸು. ಆಮೇಲೆ ನನ್ನ ಮುಖ ನೋಡ್ಕೊಂಡು 'ಮುಕ್ತಾಯ' ಒತ್ತಿ ಹೊರಡು."

ಅಳಿಸಲು ಎತ್ತಿದ ಕೈಯನ್ನು ಅವಳು ನನ್ನತ್ತ ನೋಡಿ ಇಳಿಸಿದಳು. ಚಪ್ಪಲಿ ಮೆಟ್ಟಿಕೊಂಡು, ಮೆಲ್ಲಗೆ 'ಹೋಗ್ಬರ್ತೀನಿ' ಅಂತ ಒತ್ತಿದಳು.

ಬಾಗಿಲು ತೆರೆಯಿತು. ನಾನು ಕಲಿಸಿಟ್ಟಿದ್ದ ಉತ್ತರವೂ ಪರದೆಯ ಮೇಲೆ ಮೂಡಿತು: "ಹೂಂ, ಹುಷಾರಾಗಿ ಹೋಗ್ಬಾ."