ತೀರ್ಥಪ್ಪನ ನೆರಳು

ಮೆಣಸಿನಕಾಯಿ ಹೊಗೆ ತಾಳಲಾರದೆ ಹೆಗ್ಗಣ ಬಿಲದಿಂದ ಹೊರನುಗ್ಗಿದ್ದೇ ತಡ, ತೀರ್ಥಪ್ಪನ ದೊಣ್ಣೆ ಅದರ ಬೆನ್ನು ಮುರಿಯಿತು. ಇನ್ನೊಂದು ಏಟಿಗೆ ತಲೆ ಜಜ್ಜಿಹೋಯಿತು. ಅದು ಬಾಯಲ್ಲಿ ಕಚ್ಚಿ ತಂದಿದ್ದ ಕೂದಲಿಲ್ಲದ ಮರಿ ಮಾತ್ರ ಜಾರಿ ಬಿದ್ದು ಉಳಿಯಿತು.

“ಮುಂದೆ ಯಾವುದೋ ಕಾಲಕ್ಕೆ ಸೂರ್ಯ ಇನ್ನೂ ಉರಿದು, ಹಾಲುಣ್ಣೋ ಜೀವಗಳೆಲ್ಲ ಬೆಂದು ಸಾಯ್ತವಂತೆ ಕಣ್ರೀ, ರೇಡಿಯೋದಲ್ಲಿ ಹೇಳಿದ್ರು,” ಎಂದಳು ಹೊಲಕ್ಕೆ ಬುತ್ತಿ ತಂದಿದ್ದ ಹೆಂಡತಿ ಮಲ್ಲಿಕಾಂಬ. “ಬಿಲದಲ್ಲಿರೋವು ಉಳಿದ್ರೆ ಉಳೀಬೋದಂತೆ.”

“ನಾನು ಬಿಟ್ರೆ ತಾನೇ?”

ಚೌಳಹಿರಿಯೂರಿನ ಮಧ್ಯಾಹ್ನಕ್ಕೆ ಕಾದ ಮಣ್ಣಿನಲ್ಲಿ ಮರಿ ಹೊರಳಾಡಿತು, ತೆವಳಿತು, ಹತ್ತಿರ ಸಿಕ್ಕ ನೆರಳು ಸೇರಿ ಸುಮ್ಮನಾಯಿತು. ಆ ನೆರಳು ತೀರ್ಥಪ್ಪನದು. ಎತ್ತಿದ್ದ ದೊಣ್ಣೆಯನ್ನು ಅವನು ಇಳಿಸಿದ. ಮಲ್ಲಿಕಾಂಬ ನಿಟ್ಟುಸಿರು ಬಿಟ್ಟಳು.

“ಸೂರ್ಯನ ಕೆಲಸ ಸೂರ್ಯನೇ ಮಾಡ್ಲಿ ಕಣೇ,” ಎಂದು ತೀರ್ಥಪ್ಪ ನೆರಳಿನ ಸಮೇತ ಹಿಂದೆ ಸರಿದ.