ಇರುವೆಗಳ ಪಂಕ್ತಿ

ಚಂದ್ರನ ಮೇಲೆ ಪ್ರತಿ ಮನೆಗೂ ಅದರ ಅಂಗಳದ ಹುಲ್ಲೇ ಉಸಿರು. ಪಂಕಜಮ್ಮನ ಹುಲ್ಲು ಹಳದಿಗೆ ತಿರುಗಿ, ಮನೆಯವರಿಗೆಲ್ಲ ಏದುಸಿರು ಹತ್ತಿತ್ತು. ಹಿಡಿದೆಳೆದರೆ ಹುಲ್ಲು ಬೇರಿಲ್ಲದೆ ಚಾಪೆಯಂತೆ ಎದ್ದು ಬಂತು. ಅಡಿಯಲ್ಲಿ ಬೇರು ತಿಂದು ಕೊಬ್ಬಿದ ಗೊಣ್ಣೆಹುಳುಗಳು ಸುರುಳಿ ಸುತ್ತಿ ಮಲಗಿದ್ದವು.

ಪಕ್ಕದ ಮನೆಯ ಸಾವಂತ್ರಮ್ಮ ಬಗ್ಗಿ ನೋಡಿ ಕೇಳಿದಳು, “ರಂಗೋಲಿ ಯಾವ ಪುಡೀಲಿ ಹಾಕ್ತೀಯೇ?”

“ಇಲ್ಲಿನ ಕಲ್ಲುಪುಡೀಲಿ. ಅಕ್ಕಿ ಭೂಮಿಯಿಂದ ಬರ್ಬೇಕಲ್ಲ!”

“ಅದಕ್ಕೇ ಇರುವೆ ನಿನ್ನ ಮನೆ ಬಿಟ್ಟಿವೆ. ಹುಳದ ಮೊಟ್ಟೆ, ಮರಿ ತಿನ್ನೋರು ಯಾರು ಮತ್ತೆ?”

ಪಂಕಜಮ್ಮ ರೊಟ್ಟಿಗೆಂದು ಎತ್ತಿಟ್ಟಿದ್ದ ಅಕ್ಕಿಹಿಟ್ಟನ್ನೆಲ್ಲ ತಂದು ಹುಲ್ಲಿನ ಸುತ್ತ ರಂಗೋಲಿ ಎಳೆದಳು.

ಸಂಜೆ ಗಂಡ ನಂಜುಂಡ ಬಂದವನೇ, “ಊಟಕ್ಕೇನೇ?” ಎಂದ.

“ಮೊದಲ್ನೇ ಪಂಕ್ತಿ ಕೂತಿದೆ. ಕಾಯ್ರೀ.”

ರಂಗೋಲಿಯ ಗೆರೆಗಳು ಕಪ್ಪಗೆ ಹರಿದಾಡುತ್ತಿದ್ದವು. ನಂಜುಂಡ ಚಪ್ಪಲಿ ಕಳಚಿ, ಒಂದು ಇರುವೆಯನ್ನೂ ತುಳಿಯದೆ ದಾಟಿ ಬಂದು ಎರಡನೆಯ ಪಂಕ್ತಿಗೆ ಕೂತ. ಆ ಪಂಕ್ತಿಗೆ ಬಡಿಸುವುದು ಗಾಳಿಯನ್ನು ಮಾತ್ರ.