ಮುಖ ನೋಡದ ಗುಮಾಸ್ತ

ನೆನೆಯುವವರಿಲ್ಲದ ಜನರನ್ನು ಊರಿನಿಂದ ಅಳಿಸುವುದು ಗುಮಾಸ್ತ ಕಮಲಾಕರನ ದಿನದ ಕೆಲಸ. ಅಳಿಸುವಾಗ ಯಾರ ಮುಖವನ್ನೂ ನೋಡಬಾರದೆಂಬುದು ಕಚೇರಿಯ ನಿಯಮ. ಹಾಗಾಗಿ ಶಾವಂತ್ರೆವ್ವನ ಮನೆಯಲ್ಲೂ ಅವನು ನೆನೆಯುವವರ ಸಂಖ್ಯೆ ತೋರಿಸುವ ಬಾಗಿಲ ಮೀಟರನ್ನಷ್ಟೇ ಓದಿದ. ಅದು ಒಂದನ್ನು ತೋರಿಸುತ್ತಿತ್ತು.

"ನಿಮ್ಮನ್ನ ನೆನಸೋರು ಎದುರುಮನಿ ಹಜರಾಂಬಿ ಒಬ್ಬಾಕಿ. ಅಕಿನ್ನ ನೆನಸೋರು ನೀವೊಬ್ರ. ಹಿಂಗ ಒಬ್ಬರಿಗೊಬ್ಬರು ಜೋತುಬಿದ್ರ ಲೆಕ್ಕಕ್ಕ ಬರೂದಿಲ್ರಿ. ಹೊರಗಿನವರೊಬ್ರು ಬೇಕು."

ಶಾವಂತ್ರೆವ್ವ ಮಗ್ಗ ನಿಲ್ಲಿಸಲಿಲ್ಲ. "ಮೂವತ್ತು ವರ್ಷ ಇಬ್ಬರೂ ಒಂದ ಮಗ್ಗದಾಗ ನೇಯ್ದೀವಿ. ನಮ್ಮ ನೆನಪು ನಿಮಗ ಲೆಕ್ಕಕ್ಕಿಲ್ಲೇನು? ಅಳಸು. ಆದ್ರ ನನ್ನ ಮಾರಿ ನೋಡಿ ಅಳಸು."

ರೇಗಿದ ಕಮಲಾಕರ ತಲೆ ಎತ್ತಿ ನೋಡಿಯೇಬಿಟ್ಟ. ಅವನ ಬೆರಳು ಅಳಿಸುವ ಗುಂಡಿ ಮುಟ್ಟುವಷ್ಟರಲ್ಲಿ ಮೀಟರು ಎರಡಕ್ಕೆ ತಿರುಗಿತ್ತು.

"ಆತಲ್ಲ," ಎಂದಳು ಶಾವಂತ್ರೆವ್ವ, ಲಾಳಿ ಎಸೆಯುತ್ತ. "ಇನ್ನ ಹಜರಾಂಬಿ ಮಾರಿನೂ ನೋಡಿ ಹೋಗು."